ಗುತ್ತಿನ ಹಿರಿಯರಿಗೆ ಎರಡು ಹನಿ

ಸದಾನಂದಣ್ಣನ ಕರಿ ಕೋಟಿನ ಜೇಬಿನಲ್ಲಿ ಸದಾ ಒಂದು ಪುಟ್ಟ ಹಿತ್ತಾಳೆ ಬಟ್ಟಲು ಇರುತ್ತಿತ್ತು. ಗಲ್ಫಿನ ಅದ್ಲಿಯಾದ ನಮ್ಮ ರೆಸ್ಟೋರೆಂಟಿನಲ್ಲಿ ಅವರು ವೈನ್ ಬಡಿಸುವವರು, ನಾನು ಬಂದವರನ್ನು ಕೂರಿಸುವವಳು. ಯಾರಾದರೂ ಫ್ರಾನ್ಸಿನ ಹಳೆಯ ಕೆಂಪು ವೈನ್ ತರಿಸಿದರೆ, ಗಿರಾಕಿಯ ಗ್ಲಾಸಿಗಿಂತ ಮೊದಲು ಆ ಬಟ್ಟಲಿಗೆ ಎರಡು ಹನಿ ಬೀಳಬೇಕು. ಬಟ್ಟಲು ಪಕ್ಕದ ಮೇಜಿನ ಮೂಲೆಗೆ ಹೋಗಬೇಕು. ಗಿರಾಕಿ ಕಣ್ಣು ಕಣ್ಣು ಬಿಡಬೇಕು, ಸಮಾಧಾನ ಮಾಡಲು ನಾನು ಓಡಬೇಕು.

"ಇದೆಂತ ಅವಸ್ಥೆ ಸದಾನಂದಣ್ಣ?" ಎಂದು ಒಮ್ಮೆ ರೇಗಿದೆ.

"ಬಾಟ್ಲಿ ಮೇಲೆ ಶಾತೋ ಅಂತ ಬರ್ದದ್ದು ಕಾಣುದಿಲ್ವಾ? ಶಾತೋ ಅಂದ್ರೆ ಎಂತ ಗ್ರಹಿಸಿದ್ದಿ? ನಮ್ಮೂರಿನ ದೊಡ್ಡ ಜಮೀನ್ದಾರ್ರ ಗುತ್ತಿನ ಮನೆ ಉಂಟಲ್ಲ, ಅದೇ ಮಾರಾಯ್ತಿ. ಗದ್ದೆ ಬದ್ಲು ದ್ರಾಕ್ಷಿ, ಅಷ್ಟೇ. ಗುತ್ತಿನ ತೀರಿಹೋದ ಹಿರಿಯರಿಗೆ ಇಡದೆ ನಾವು ಬಾಯಿಗೆ ಹಾಕ್ಲಿಕ್ಕುಂಟಾ?"

ಫ್ರಾನ್ಸನ್ನು ಅವರು ಕಂಡವರಲ್ಲ. ಆದರೂ ಬಾಟಲಿಯ ಚೀಟಿಯಲ್ಲಿದ್ದ ಒಂದು ಮನೆಯ ಕಲ್ಲುಮಣ್ಣಿನ ಗುಡ್ಡ, ಅಣ್ಣತಮ್ಮಂದಿರ ಪಾಲಿನ ಜಗಳ ಎಲ್ಲವನ್ನೂ ಹೆಂಡತಿಯ ತವರಿನ ಸುದ್ದಿಯಂತೆ ಹೇಳುತ್ತಿದ್ದರು. ಅಲ್ಲಿನ ಮುದಿ ಯಜಮಾನ್ತಿ ತೀರಿಹೋದ ಸುದ್ದಿ ಮೊಬೈಲಿನಲ್ಲಿ ಓದಿದ ದಿನ ಸೂತಕವೆಂದು ಮೀನು ಮುಟ್ಟಲಿಲ್ಲ. ನಾನು ಬೆಳಿಗ್ಗೆ ಎದ್ದು ಮಾಡಿ ತಂದ ಬಂಗುಡೆ ಗಸಿ ಹಾಗೇ ಉಳಿಯಿತು. ನನಗೆ ಮೈಯೆಲ್ಲ ಉರಿಯಿತು.

ಗಿರಾಕಿಗಳ ದೂರು ಮ್ಯಾನೇಜರಿಗೆ ಮುಟ್ಟಿತು. ಇನ್ನೊಂದು ದೂರು ಬಂದರೆ ಸದಾನಂದಣ್ಣನ ವೀಸಾ ಮುಂದುವರಿಸುವುದಿಲ್ಲ ಎಂದುಬಿಟ್ಟರು. ಕಾರ್ಕಳದಲ್ಲಿ ಅವರ ಮಗಳ ನರ್ಸಿಂಗ್ ಓದು ಇನ್ನೂ ಅರ್ಧದಲ್ಲಿತ್ತು. "ಆ ಬಟ್ಟಲನ್ನು ರೂಮಲ್ಲಿ ಬಿಟ್ಟು ಬನ್ನಿ, ನಿಮ್ಮ ಕಾಲು ಹಿಡೀತೇನೆ" ಎಂದೆ. "ಆಯ್ತು ಮಾರಾಯ್ತಿ" ಎಂದರು. ಮರುದಿನ ನೋಡಿದರೆ ಬಟ್ಟಲು ಜೇಬಿನಲ್ಲೇ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ!

ರಮ್ಜಾನ್ ಕಳೆದು ವೈನಿನ ಕಪಾಟು ಮತ್ತೆ ತೆರೆದ ವಾರ, ಮಾಲೀಕರ ಗೆಳೆಯರೊಬ್ಬರು ಬಂದು ಅದೇ ಮನೆಯ ವೈನ್ ಕೇಳಿದರು. ಜೊತೆಗೆ ಬೆರೆಸಿಕೊಳ್ಳಲು ಒಂದು ಕೋಲಾ. ಸದಾನಂದಣ್ಣ ಬಿರಡೆ ತೆಗೆದು ಮೂಸಿದರು. "ಸಾರಿ ಸರ್, ಇದು ಕೆಟ್ಟುಹೋಗಿದೆ" ಎಂದು ಹಿಂದಿಯಲ್ಲಿ ಹೇಳಿ ಬಾಟಲಿಯನ್ನು ಒಳಗೆ ಒಯ್ದೇಬಿಟ್ಟರು.

ನಾನು ಹಿಂದೆಯೇ ಓಡಿದೆ. ಬಾಟಲಿಯಿಂದ ಮಾಗಿದ ನೇರಳೆಯಂಥ ಪರಿಮಳ ಬರುತ್ತಿತ್ತು.

"ಸುಳ್ಳು ಯಾಕೆ ಹೇಳಿದ್ರಿ?"

"ಆ ಗುತ್ತಿನ ಅಮ್ಮ ಸತ್ತು ವರ್ಷ ಆಗ್ಲಿಲ್ಲ. ಅವರ ಕಾಲದ ದ್ರಾಕ್ಷಿಗೆ ಕೋಲಾ ಹುಯ್ಯುದಾ?"

ಮ್ಯಾನೇಜರ್ ಬಂದು ನನ್ನನ್ನೇ ಕೇಳಿದರು. "ಕೆಟ್ಟಿದೆ ಸರ್" ಎಂದೆ. ಅವರು ಒಂದು ಗುಟುಕು ಕುಡಿದು ನೋಡಿ, ಬಾಟಲಿಯನ್ನು ಎತ್ತಿಕೊಂಡು ಹೋದರು. ಸದಾನಂದಣ್ಣನ ವೀಸಾ ಅಲ್ಲಿಗೆ ಮುಗಿಯಿತು.

ಹೊರಟ ದಿನ ಟ್ಯಾಕ್ಸಿ ಹತ್ತುವಾಗಲೂ ಅವರ ಕೈ ಬಟ್ಟಲಿನ ಜೇಬು ತಡಕುತ್ತಿತ್ತು. ಮಗಳ ಫೀಸಿನ ಗತಿ ಏನು ಎಂದು ಕೇಳಿದೆ. "ಏನಾದ್ರೂ ಆಗ್ತದೆ" ಎಂದರು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಮೊನ್ನೆ ಕಾರ್ಕಳದಿಂದ ಫೋನು. ಮಗಳ ಸುದ್ದಿ ಇಲ್ಲ, ಮನೆಯ ಸುದ್ದಿ ಇಲ್ಲ. "ನಮ್ಮ ಗುತ್ತಿಂದು ವೈನಿನ ಹೊಸ ಪೆಟ್ಟಿಗೆ ಬಂತಾ? ಹಿರಿಯರಿಗೆ ಯಾರು ಇಡ್ತಾರೆ?"

"ಸಾಕು ಮಾಡಿ ಸದಾನಂದಣ್ಣ!" ಎಂದು ಕಟ್ ಮಾಡಿದೆ.

ಆ ಸಂಜೆಯೇ ಕಿಟಕಿ ಪಕ್ಕದ ಮೇಜಿನವರು ಅದೇ ವೈನ್ ತರಿಸಿದರು. ಸದಾನಂದಣ್ಣನ ಜಾಗಕ್ಕೆ ಬಂದ ಹೊಸ ಹುಡುಗಿ ಬಿರಡೆ ತೆಗೆಯುತ್ತಿದ್ದಳು. "ಒಂದು ನಿಮಿಷ ನಿಲ್ಲು" ಎಂದು ನಾನು ಎರಡು ಹನಿಗಾಗಿ ಚಹಾದ ಕಪ್ಪಿನ ಬಸಿಯನ್ನು ಅವಳ ಮುಂದೆ ಹಿಡಿದೆ. ತಲೆಯೆತ್ತಿದರೆ ಎದುರಿಗೆ ಮ್ಯಾನೇಜರ್. ನನ್ನ ವೀಸಾ ಮುಗಿಯುವುದೂ ಈ ವರ್ಷವೇ.