ನಂದೇ ತಗೊಳ್ಳಿ ಎಂದ ಆಂಜನಪ್ಪ ಮಾವ

ಆಂಜನಪ್ಪ ಮಾವನ ಕೂಗು ಇಡೀ ಬೀದಿಗೆ ಕೇಳಿಸುತ್ತಿತ್ತು. ದ್ರಾಕ್ಷಿ ಚಪ್ಪರದ ಕೆಳಗೆ ಕತ್ತರಿ ಹಿಡಿದು ನಿಂತವರು ಇದ್ದಕ್ಕಿದ್ದಂತೆ ಮನೆ ಕಡೆ ತಿರುಗಿ, "ಶೋಭಮ್ಮಾ!" ಎನ್ನುವರು. ಒಳಗಿನಿಂದ ಮಗಳು, "ಇನ್ನೂ ಇದ್ದೀನಿ ಕಣಪ್ಪಾ!" ಎಂದು ರೇಗುವಳು. ಆಮೇಲೆ ಕತ್ತರಿ ಆಡುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕೂಗು.

ಕೂಗುವುದಕ್ಕೆ ಕಾರಣವಿತ್ತು. ಶೋಭ ಚಿಕ್ಕಂದಿನಿಂದ ಇನ್ಸುಲಿನ್ ಚುಚ್ಚಿಸಿಕೊಂಡೇ ಬೆಳೆದವಳು. ಇಪ್ಪತ್ತಕ್ಕೆ ಬರುವ ಹೊತ್ತಿಗೆ ಸಕ್ಕರೆ ಇಳಿಯುವುದು ಅವಳಿಗೇ ಗೊತ್ತಾಗದಂತಾಯಿತು. ಬೆವರಿಲ್ಲ, ನಡುಕವಿಲ್ಲ, ಮಾತಾಡುತ್ತಿದ್ದವಳು ಹಾಗೇ ಕುಸಿಯುತ್ತಿದ್ದಳು. ಒಮ್ಮೆ ಉರಿಯುವ ಒಲೆಯ ಮುಂದೆಯೇ ಬಿದ್ದಳು. ಅಲ್ಲಿಂದ ಮಾವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮದುವೆಗೆ ಹೋದರೂ ಎಲೆ ಹಾಕುವ ಮೊದಲೇ ಎದ್ದು ಬರುವರು. ಚಿಂತಾಮಣಿಯ ನೆಂಟರು, "ಆಂಜನಪ್ಪ ಕಾಲಿಗೆ ಚಕ್ರ ಕಟ್ಕೊಂಡವ್ನೆ" ಎಂದು ನಗುತ್ತಿದ್ದರು. ನನಗೂ ನಗು ಬರುತ್ತಿತ್ತು, ಕನಿಕರವೂ ಆಗುತ್ತಿತ್ತು.

ಎರಡು ಸಾವಿರದ ಐದೋ ಆರೋ ಇರಬೇಕು, ಒಂದು ಬೆಳಗ್ಗೆ ಪತ್ರಿಕೆ ಹಿಡಿದು ನಮ್ಮ ಮನೆಗೆ ಬಂದರು. ನಾನು ಅವರ ಅಕ್ಕನ ಮಗಳು, ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ಹೊರದೇಶದಲ್ಲಿ ತಾಯಿಯೊಬ್ಬಳ ಮೇದೋಜೀರಕ ಗ್ರಂಥಿಯ ಒಂದು ಭಾಗ ತೆಗೆದು, ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಬೇರ್ಪಡಿಸಿ, ಮಗಳ ಲಿವರಿಗೆ ಸೇರಿಸಿದ್ದರಂತೆ.

"ಅಲ್ಲೇ ಕಚ್ಕೊಂಡು ಬದುಕ್ತವಂತೆ ಕಣಮ್ಮ. ಕಾಡುದ್ರಾಕ್ಷಿ ಬೇರಿಗೆ ನಾವು ಒಳ್ಳೇ ಜಾತಿ ಕಡ್ಡಿ ಕಸಿ ಕಟ್ಟಲ್ವಾ? ಇದೇನ್ ಬ್ರಹ್ಮವಿದ್ಯೇನಾ? ನಂದೇ ತಗೊಳ್ಳಿ."

"ಸಾಮಾನ್ಯವಾಗಿ ಸತ್ತೋರಿಂದ ತಗೊಳ್ತಾರೆ ಮಾವ. ಆಮೇಲೂ ಮೈ ಒಪ್ಪಬೇಕು, ಮಾತ್ರೆ ನುಂಗ್ತಾನೇ ಇರಬೇಕು."

"ಸತ್ತೋರು ಯಾಕಮ್ಮ, ನಾನು ಬದುಕಿದ್ದೀನಲ್ಲ?"

ಕಾಟ ತಡೆಯಲಾರದೆ ಅಪ್ಪ ಮಗಳಿಬ್ಬರನ್ನೂ ಬೆಂಗಳೂರಿನ ವೈದ್ಯರೊಬ್ಬರ ಬಳಿಗೆ ಕರೆದೊಯ್ದೆ. ಅವರು ತಾಳ್ಮೆಯಿಂದ ಕೇಳಿ, ಇಲ್ಲಿ ಇನ್ನೂ ಅದನ್ನು ಮಾಡುತ್ತಿಲ್ಲ ಎಂದರು. ಮಾವ ಬಿಡಬೇಕಲ್ಲ! "ನನ್ನ ರಕ್ತ ನೋಡಿಟ್ಕೊಳ್ಳಿ ಸ್ವಾಮಿ, ಮಾಡೋ ಕಾಲಕ್ಕೆ ಕರೀರಿ" ಎಂದು ತೋಳು ಚಾಚಿದರು. ಫಲಿತಾಂಶ ಬರುವವರೆಗೂ ಹೊರಗಿನ ವರಾಂಡದಲ್ಲಿ ಅತ್ತಿಂದಿತ್ತ ಸುತ್ತಿ, "ಕತ್ತರಿಸಿದ ಬಳ್ಳಿ ಚಿಗುರಲ್ವಾ? ನಾನೂ ಹಂಗೇ" ಎಂದು ಸಿಕ್ಕವರಿಗೆಲ್ಲ ಹೇಳಿದರು.

ಮತ್ತೆ ಒಳಗೆ ಕರೆದ ವೈದ್ಯರು ಕನ್ನಡಕ ತೆಗೆದರು. "ಯಜಮಾನ್ರೇ, ನಿಮಗೂ ಸಕ್ಕರೆ ಕಾಯಿಲೆ ಇದೆ. ಬಹಳ ದಿನದ್ದು ಅನ್ಸುತ್ತೆ. ನೀವು ಕೊಡೋ ಹಾಗಿಲ್ಲ."

ಮಾವ ಮಗಳ ಕಡೆ ತಿರುಗಿದರು. "ತಪ್ಪಾಯ್ತಮ್ಮ" ಎಂದರು.

"ನಾನು ಕೇಳಿದ್ನಾ ನಿನ್ನ? ನಿನ್ನ ಕುಯ್ಸಿ ನಾನು ಬದುಕ್ಬೇಕಿತ್ತಾ?" ಎಂದು ಶೋಭ ಗೊಳೋ ಎಂದು ಅತ್ತಳು.

ನಾಲ್ಕು ವರ್ಷದ ನಂತರ ಮಾವನನ್ನು ಎದೆನೋವೆಂದು ಆಸ್ಪತ್ರೆಗೆ ಸೇರಿಸಿದರು. ಆ ಸಂಜೆಯೇ ಹೋಗಿಬಿಟ್ಟರು. ಅದೇ ದಿನ ಬೆಳಗ್ಗೆ ಶೋಭ ಔಷಧಿ ತರಲು ಹೋಗಿದ್ದಾಗ ನನ್ನ ಕೈ ಹಿಡಿದು ಪಿಸುಗುಟ್ಟಿದ್ದರು: "ನೀನು ಓದಿದೋಳು, ಹೇಳು. ನಾನು ಹೋದ್ಮೇಲಾದ್ರೂ ನನ್ನೊಳಗೆ ಚೆನ್ನಾಗಿರೋವನ್ನ ಆರಿಸಿ ತೆಗ್ದು ಶೋಭಮ್ಮಂಗೆ ಹಾಕ್ಬೌದಲ್ವಾ? ಗೊಂಚಲಲ್ಲಿ ಎಲ್ಲಾ ಹಣ್ಣೂ ಕೆಟ್ಟಿರಲ್ಲ ಕಣಮ್ಮ."

ಅಷ್ಟರಲ್ಲಿ ಬಾಗಿಲಲ್ಲಿ ಶೋಭ ಕಾಣಿಸಿದಳು. ಮಾವ ಥಟ್ಟನೆ ನನ್ನ ಕೈ ಬಿಟ್ಟು, "ತಿಂಡಿ ತಿಂದ್ಯೇನಮ್ಮಾ?" ಎಂದರು.