ಮಾವನ ಕಾಲು, ನನ್ನ ಗ್ರಾಫು

ನನಗೆ ಮಾತು ಕಲಿಸಿದವರು ನಮ್ಮ ಸೋದರಮಾವ. ಕುಣಿಗಲ್ ಪಕ್ಕದ ಹಳ್ಳಿಯಲ್ಲಿ ನಲವತ್ತು ವರ್ಷ ನೀರುಗಂಟಿಯಾಗಿದ್ದವರು. ಕೆರೆಯ ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡೋದು ಅವರ ಕೆಲಸ. ಮಳೆಗಾಲದಲ್ಲಿ ದಿನಾ ಸಂಜೆ ತೂಬಿನ ಕಲ್ಲುಮೆಟ್ಟಿಲು ಎಣಿಸಿಕೊಂಡು ಬಂದು ಜಗಲಿ ಮೇಲೆ ಕೂತು, "ಏಳನೇ ಮೆಟ್ಟಿಲು ಮುಳುಗ್ತು ಕಣ್ರಪ್ಪಾ" ಅನ್ನೋರು. ಅಷ್ಟು ಹೇಳೋಕೆ ಅರ್ಧ ಗಂಟೆ. ದಾರೀಲಿ ಅಡ್ಡ ಬಂದ ಹಾವು, ಕೆರೆ ಏರಿ ಮೇಲೆ ಜಗಳಕ್ಕೆ ನಿಂತ ಅಣ್ಣತಮ್ಮಂದಿರು, ಎಲ್ಲರೂ ಬಂದು ಹೋದ ಮೇಲೇ ಮೆಟ್ಟಿಲಿನ ಸರದಿ.

ಅಂಥ ಬಾಯಿಗೆ ತೊಂಬತ್ತರ ದಶಕದ ಕೊನೆಯಲ್ಲಿ ಲಕ್ವ ಹೊಡೀತು. ಬಲಗೈ ಬಿದ್ದುಹೋಯ್ತು, ಮಾತು ನಿಂತಿತು. ಉಳಿದಿದ್ದು ಒಂದೇ ಒಂದು: "ಆಯ್ತು." ಹಸಿವಾ ಅಂದ್ರೂ ಆಯ್ತು, ನೋವಾ ಅಂದ್ರೂ ಆಯ್ತು. ನಾವು ಆಡೋದೆಲ್ಲ ಅವರಿಗೆ ಅರ್ಥವಾಗುತ್ತೆ, ತಿರುಗಿ ಹೇಳೋಕೆ ಮಾತ್ರ ಆಗಲ್ಲ ಅಂತ ಮನೆಯವರೆಲ್ಲ ನಂಬಿದ್ವಿ.

ಸಕ್ಕರೆ ಕಾಯಿಲೆ ಬೇರೆ ಇತ್ತು. ಬಲಗಾಲಿನ ಹುಣ್ಣು ಮಾಯಲೇ ಇಲ್ಲ. ತುಮಕೂರಿಗೆ ಕರ್ಕೊಂಡು ಹೋದ್ವಿ. ಡಾಕ್ಟರು ಹುಣ್ಣು ನೋಡಿ, "ಎರಡು ತಿಂಗಳು ನೋಡ್ತೀನಿ. ಶುಗರ್ ಇಳೀಲಿಲ್ಲ ಅಂದ್ರೆ ಪಾದ ತೆಗೀಬೇಕಾಗುತ್ತೆ. ವಾರವಾರ ರಕ್ತ ಪರೀಕ್ಷೆ ಮಾಡಿಸಿ" ಅಂದರು. ಅತ್ತೆ ಸೆರಗನ್ನ ಬಾಯಿಗೆ ಒತ್ತಿಕೊಂಡರು. ಮಾವ ಡಾಕ್ಟರ ಮುಖ ನೋಡಿ ನಕ್ಕರು. "ಆಯ್ತು" ಅಂದರು. ಎಂಥ ಗಟ್ಟಿ ಜೀವವಪ್ಪಾ ಅಂದುಕೊಂಡು ಬಸ್ಸು ಹತ್ತಿದೆ.

ಆಗ ನಾನು ಗುಬ್ಬಿಯಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ಲ್ಯಾಬಿನವರು ಕೊಡೋ ಚೀಟಿಯಲ್ಲಿನ ಅಂಕಿ ಮಾವನಿಗೆ ಏನು ತಿಳಿದೀತು, ಕಣ್ಣಿಗೆ ಕಾಣೋ ಹಾಗಿರಲಿ ಅಂತ ಒಂದು ದೊಡ್ಡ ಗ್ರಾಫ್ ಹಾಳೆ ತಂದು ಅವರ ಮಂಚದ ಎದುರು ಗೋಡೆಗೆ ಅಂಟಿಸಿದೆ. ಶನಿವಾರ ಅರ್ಧ ದಿನ ಸ್ಕೂಲು ಮುಗಿಸಿ, ಕುಣಿಗಲ್‌ನಲ್ಲಿ ಇಳಿದು ಚೀಟಿ ಇಸ್ಕೊಂಡು, ಮನೆಗೆ ಹೋಗಿ ಕೆಂಪು ಚುಕ್ಕೆ ಇಡೋದು. ಹಿಂದಿನ ಚುಕ್ಕೆಗೆ ಗೆರೆ ಸೇರಿಸೋದು. "ಬಂದ್ರು ನೋಡಿ, ಗೋಡೆ ಕೆಡಿಸೋ ಮೇಷ್ಟ್ರು" ಅಂತ ಅತ್ತೆ ರೇಗಿಸೋರು. ನನಗಂತೂ ಒಳಗೊಳಗೇ ಹೆಮ್ಮೆ.

ಎರಡನೇ ವಾರ, ಮೂರನೇ ವಾರ ಗೆರೆ ಕೆಳಗಿಳೀತು. ನಾನು ಕುಣಿಯೋದೊಂದು ಬಾಕಿ. ಮಾವ ಮಾತ್ರ ಗೋಡೆ ನೋಡಿ ಸಪ್ಪಗಾಗಿ, ಮಗ್ಗುಲು ತಿರುಗಿ ಮಲಗಿದರು. ಕಾಯಿಲೆ ಮನುಷ್ಯ, ಬೇಜಾರು ಇದ್ದೇ ಇರುತ್ತೆ ಅಂದ್ಕೊಂಡೆ. ನಾಲ್ಕನೇ ವಾರ ಪಕ್ಕದ ಮನೆ ದರ್ಜಿ ಸಾಬರ ಮನೆಯಿಂದ ಹಬ್ಬದ ಶಾವಿಗೆ ಪಾಯಸ, ಶೀರ್ ಕುರ್ಮಾ, ಬಂತು. ಅಷ್ಟು ಆಸೆಯಿಂದ ನೋಡ್ತಾರೆ ಅಂತ ಅತ್ತೆ ನಾಲ್ಕು ಚಮಚ ತಿನ್ನಿಸಿದ್ದರು. ಚುಕ್ಕೆ ಮೇಲೆ ಹತ್ತಿತು. ಮಾವನ ಮುಖ ಅರಳಿತು. ಐದನೇ ವಾರ ಇನ್ನೂ ಮೇಲೆ.

"ನಾನೇನೂ ಕೊಟ್ಟಿಲ್ಲ ಕಣೋ, ಮುದ್ದೆ, ಸೊಪ್ಪಿನ ಸಾರು ಅಷ್ಟೇ" ಅಂತ ಅತ್ತೆ ದೇವರ ಮೇಲೆ ಆಣೆ ಇಟ್ಟರು.

ಆರನೇ ಶನಿವಾರ ಚುಕ್ಕೆ ಇಡೋಕೆ ಹಾಳೆಯ ತುದಿಗೇ ಕೈ ಹೋಯ್ತು. ಹಿಂದೆ ಚಪ್ಪಾಳೆ ಥರ ಸದ್ದು. ತಿರುಗಿ ನೋಡಿದರೆ ಮಾವ ಎಡಗೈಯಲ್ಲಿ ತೊಡೆ ತಟ್ಟಿಕೊಂಡು ನಗ್ತಾ ಇದ್ದಾರೆ. "ಆಯ್ತು! ಆಯ್ತು!" ಅಂತ ನನ್ನನ್ನ ಕರೆದು, ದಿಂಬಿನ ಕೆಳಗೆ ಕೈ ಹಾಕಿ ಏನನ್ನೋ ತೆಗೆದು ತೋರಿಸಿದರು. ಬೆಲ್ಲದ ಅಚ್ಚು, ಅರ್ಧ ತಿಂದಿದ್ದು. ಬೆಲ್ಲ ತೋರಿಸೋದು, ಗೆರೆ ತೋರಿಸೋದು, ನಗೋದು. ಕದ್ದು ತಿಂದು ಸಿಕ್ಕಿಬಿದ್ದವರ ಮುಖ ಅದಲ್ಲ. ಕೆಲಸ ಮಾಡಿ ಮುಗಿಸಿದವರ ಮುಖ.

ಆಗ ಹೊಳೀತು. ಏನು ತಿಂದರೆ ಗೆರೆ ಏರುತ್ತೆ ಅನ್ನೋದನ್ನ ಈ ಮನುಷ್ಯ ಗಮನಿಸಿ, ಲೆಕ್ಕ ಹಿಡಿದು, ಎರಡು ವಾರದಿಂದ ನೇಮದಿಂದ ಬೆಲ್ಲ ತಿಂದಿದ್ದಾರೆ. ಅಡುಗೆಮನೆ ಡಬ್ಬಿಯವರೆಗೆ ಗೋಡೆ ಹಿಡ್ಕೊಂಡು, ಆ ಹುಣ್ಣಿನ ಕಾಲಲ್ಲಿ ನಡೆದು.

"ಮಾವ, ಮೇಲೆ ಹೋದ್ರೆ ಕೆಟ್ಟದ್ದು!" ಅಂತ ಕೂಗಿದೆ. "ಆಯ್ತು" ಅಂದರು, ನಗ್ತಲೇ.

ಅತ್ತೆ ಬಂದು ಗೋಡೆಯ ಗೆರೆ ಮೇಲೆ ಬೆರಳು ಆಡಿಸಿದರು. "ನೀರು ಏರಿದ್ರೆ ಊರಿಗೆಲ್ಲ ಹೇಳ್ಕೊಂಡು ಬರ್ತಿದ್ದೋರು ಕಣೋ. ನಿನ್ನ ಕಾಗದದಾಗೆ ಕೆರೆ ತುಂಬ್ತೈತೆ ಅಂದ್ಕಂಡವ್ರೆ" ಅಂದರು.

ಹೌದಲ್ಲ! ಹಾಳೆಯಲ್ಲಿ ಎಲ್ಲ ಬರೆದಿದ್ದೆ, ತಾರೀಕು, ಅಂಕಿ, ಗೆರೆ. ಏರೋದು ಒಳ್ಳೇದೋ ಕೆಟ್ಟದ್ದೋ ಅನ್ನೋದು ಎಲ್ಲೂ ಇರಲಿಲ್ಲ. ಅದನ್ನ ಬಾಯಲ್ಲಿ ಹೇಳಿ, ಮುಗೀತು ಅಂದ್ಕೊಂಡಿದ್ದೆ.

ಹೊಸ ಹಾಳೆಗೆ ಅದೇ ಚುಕ್ಕೆಗಳನ್ನ ಇಳಿಸಿದೆ. ಚುಕ್ಕೆಗಳ ಕೆಳಗೆಲ್ಲ ನೀಲಿ ಬಳಿದು, ಕೊನೇ ಚುಕ್ಕೆ ಹತ್ತಿರ ನೀರು ಕೋಡಿ ಹರಿಯೋ ಹಾಗೆ ಬರೆದು ತೋರಿಸಿದೆ. ಮಾವ ಎಡಗೈಯನ್ನ ಎದೆಗಿಟ್ಟು ನಮಸ್ಕಾರ ಮಾಡಿದರು!

"ಕೋಡಿ ಬಿದ್ರೆ ಬಾಗಿನ ಕೊಡ್ತಾರೆ ಕಣೋ ಪೆದ್ದು. ಅದಕ್ಯಾರು ಹೆದರ್ತಾರೆ? ಏರಿ ಒಡೆಸು" ಅಂದರು ಅತ್ತೆ.

ಇನ್ನೊಂದು ಹಾಳೆಯಲ್ಲಿ ಅಡ್ಡಕ್ಕೆ ದಪ್ಪನೆ ಏರಿ ಎಳೆದೆ. ಮೊದಲ ಚುಕ್ಕೆಗಳನ್ನ ಏರಿಯ ಕೆಳಗೆ ಇಟ್ಟೆ, ಕೊನೆಯ ಮೂರನ್ನ ಮೇಲೆ. ಏರಿ ಬಿರುಕು ಬಿಟ್ಟು ನೀರು ನುಗ್ಗೋದನ್ನ ಬರೆದೆ. ನೀರಿನ ಕೆಳಗೆ ಊರಿನ ಬದಲು ಒಂದು ಪಾದ. ಅವರ ಬಲಪಾದಕ್ಕೆ ಕಟ್ಟಿದ್ದ ಬ್ಯಾಂಡೇಜನ್ನೂ ಅದಕ್ಕೆ ಬರೆದೆ. ಆಮೇಲೆ ಹಾಳೆಯಿಂದ ಪಾದವನ್ನ ಹರಿದು ಬೇರೆ ಮಾಡಿದೆ.

ಮಾವನ ನಗು ನಿಂತಿತು. ಹರಿದ ಚೂರನ್ನ ನೋಡಿದರು, ತಮ್ಮ ಕಾಲನ್ನ ನೋಡಿದರು, ನನ್ನನ್ನ ನೋಡಿದರು. ಬಗ್ಗಿ ಎಡಗೈಯಲ್ಲಿ ಪಾದವನ್ನ ಬಿಗಿಯಾಗಿ ಹಿಡ್ಕೊಂಡು, ಪದವೇ ಇಲ್ಲದೆ ಗಂಟಲಿಂದ ಕೂಗಿದರು. ಕಾಲು ಹೋಗಬಹುದು ಅನ್ನೋ ಸುದ್ದಿ ಅವರಿಗೆ ತಲುಪಿದ್ದು ಆ ಗಳಿಗೆ. ಡಾಕ್ಟರು ಹೇಳಿ ಒಂದೂವರೆ ತಿಂಗಳಾಗಿತ್ತು! ಅಷ್ಟೂ ದಿನ ನಾವು ಅವರೆದುರಿಗೇ ಅದನ್ನ ಮಾತಾಡಿದ್ವಿ.

ಬೆಲ್ಲದ ಅಚ್ಚನ್ನ ಅವರೇ ಬಾಗಿಲಾಚೆ ಎಸೆದರು. ಉಳಿದ ಎರಡು ಶನಿವಾರ ಚುಕ್ಕೆ ಇಟ್ಟಿದ್ದೂ ಅವರೇ, ಎಡಗೈಯಲ್ಲಿ. ನಾನು ಜಾಗ ತೋರಿಸಿದರೆ ಸಾಕು. ಮೊದಲನೇದು ಏರಿಗೆ ತಾಕಿ ನಿಂತಿತು. ಎರಡನೇದು ಒಂದು ಬೆರಳಷ್ಟು ಕೆಳಗಿಳೀತು.

ತುಮಕೂರಿನಲ್ಲಿ ಡಾಕ್ಟರು ಕಟ್ಟು ಬಿಚ್ಚಿ ನೋಡಿ, "ಪಾದ ಉಳಿಸ್ಬಹುದು. ಎರಡು ಬೆರಳು ಹೋಗಲೇಬೇಕು" ಅಂದರು. ಈ ಸಲ ನಾನು ಡಾಕ್ಟರನ್ನ ತಡೆದು, ಚೀಟಿ ಹಿಂದೆ ಐದು ಬೆರಳು ಬರೆದು, ಎರಡಕ್ಕೆ ಕಪ್ಪು ತುಂಬಿ ಮಾವನ ಮುಂದೆ ಹಿಡಿದೆ. ಮಾವ ತುಂಬ ಹೊತ್ತು ನೋಡಿದರು. ಪೆನ್ನು ಕಿತ್ಕೊಂಡು, ಒಂದು ಕಪ್ಪು ಬೆರಳಿನ ಮೇಲೆ ಅಡ್ಡಗೆರೆ ಎಳೆದು ಡಾಕ್ಟರ ಕಡೆ ತಳ್ಳಿದರು.

ಡಾಕ್ಟರು ಕನ್ನಡಕ ತೆಗೆದು, "ಚೌಕಾಸಿ ಮಾಡ್ತಾ ಇದಾರಲ್ರೀ!" ಅಂದರು. ಮತ್ತೆ ಬಗ್ಗಿ ಆ ಬೆರಳನ್ನ ಒತ್ತಿ ನೋಡಿದರು. ಆಗಲ್ಲ ಅಂತ ತಲೆ ಆಡಿಸಿದರು.

ಎರಡನ್ನೂ ತೆಗೆದರು. ಮಾವ ಎಷ್ಟೋ ದಿನ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬಾಗಿಲಲ್ಲಿ ನಿಂತರೆ ಗೋಡೆ ಕಡೆ ಮುಖ. ಒಂದು ಶನಿವಾರ ಪೆಚ್ಚುಮೋರೆ ಹಾಕ್ಕೊಂಡು ಅಡುಗೆಮನೆಗೆ ಹೋದೆ.

"ಕ್ವಾಪ ಮಾಡ್ಕಂಡ್ರೆ ಮಾಡ್ಕಳ್ಳಿ ಬುಡು," ಅಂದರು ಅತ್ತೆ, ಮುದ್ದೆ ತಿರುವ್ತಾ. "ಬೆರಳು ಯಾಕೆ ತೆಗುದ್ರು ಅಂತ ಈ ಸಲ ಅವ್ರಿಗೆ ಗೊತ್ತೈತಲ್ಲ."