ಇಪ್ಪತ್ಮೂರನೇ ಬಾಟಲಿ

ಶೈಲಜಾ ಕಂಪ್ಲಿಯ ಅಕ್ಕಿಗಿರಣಿ ಗುಮಾಸ್ತರ ಮಗಳು. ಬಿಎಸ್ಸಿ ಮುಗಿಸಿ ಹೊಸಪೇಟೆಯ ಖಾಸಗಿ ಪ್ರಯೋಗಾಲಯವೊಂದಕ್ಕೆ ಸೇರಿ ಆರು ವರ್ಷವಾಗಿತ್ತು. ಸಂಡೂರಿನ ಗಣಿಗಳಿಂದ ಬರುವ ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಪರೀಕ್ಷಿಸುವುದು ಅವಳ ಕೆಲಸ.

೨೦೦೭ರ ಫೆಬ್ರವರಿಯಲ್ಲಿ ಒಂದು ಥರ್ಮಾಕೋಲ್ ಪೆಟ್ಟಿಗೆ ಬಂತು. ಅಂಟಾರ್ಕ್ಟಿಕದಲ್ಲಿ ಆಳಕ್ಕೆ ಕೊರೆದು ತೆಗೆದ ಮಂಜುಗಡ್ಡೆಯನ್ನು ತುಂಡರಿಸಿ ನಲವತ್ತು ಬಾಟಲಿಗಳಲ್ಲಿ ಹಾಕಿದ್ದರು. ಒಂದೊಂದು ತುಂಡೂ ಒಂದೊಂದು ಕಾಲದಲ್ಲಿ ಬಿದ್ದ ಹಿಮ. ಅಂದು ಗಾಳಿ ಹೊತ್ತು ತಂದ ಉಪ್ಪು ಅದರೊಳಗೇ ಸಿಕ್ಕಿಕೊಂಡಿತ್ತು. ಕಳಿಸಿದವರು ಭಾರ್ಗವ್ ಎಂಬ ವಿಜ್ಞಾನಿ. ಇಂಥ ಉಪ್ಪು ಅಳೆಯುವ ಅವರ ಯಂತ್ರ ಕೆಟ್ಟಿತ್ತು, ಅಂಥದೇ ಯಂತ್ರ ಇಲ್ಲಿತ್ತು.

“ನೂರು ಕೋಟಿ ಪಾಲು ನೀರಿಗೆ ಐವತ್ತು ಪಾಲು ಉಪ್ಪು, ಅಷ್ಟೇ. ಬೆರಳು ತಾಗಿದರೂ ಕೆಟ್ಟಿತು. ಬೇರೆ ತುಂಡು ನಮ್ಮಲ್ಲಿಲ್ಲ” ಎಂದರು ಫೋನಿನಲ್ಲಿ.

ಹೊರಗೆ ಹಗಲಿಡೀ ಅದಿರಿನ ಲಾರಿಗಳು. ಒಗೆದ ಬಟ್ಟೆಯೂ ಕೆಂಪಾಗುವ ರಸ್ತೆ. ಶೈಲಜಾ ಕಿಟಕಿಯ ಸಂದಿಗೆಲ್ಲ ಟೇಪು ಹಚ್ಚಿದಳು, ಫ್ಯಾನು ಆರಿಸಿದಳು. ಮುಚ್ಚಳ ತೆಗೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದಳು.

ಇಪ್ಪತ್ಮೂರನೇ ಬಾಟಲಿ ತೆರೆದಿದ್ದಾಗ ಜವಾನ ಗಾಳೆಪ್ಪ ಬಾಗಿಲು ನೂಕಿದ. “ಅಕ್ಕಾರ, ಚಾ ತಂದೀನ್ರಿ.”

ಅವನ ಬೆನ್ನಿಗೇ ಗಾಳಿ ನುಗ್ಗಿತು. ಅವಳು ಮುಚ್ಚಳ ಒತ್ತುವಷ್ಟರಲ್ಲಿ ಮೇಜಿನ ಮೇಲೆ ಕೆಂಪು ಪುಡಿ ಕೂತಿತ್ತು. ಯಂತ್ರ ಆ ಬಾಟಲಿಯಲ್ಲಿ ಅಕ್ಕಪಕ್ಕದವುಗಳ ನಾಲ್ಕು ಪಟ್ಟು ಕ್ಯಾಲ್ಸಿಯಂ, ಅಂದರೆ ಧೂಳಿನ ಅಂಶ, ತೋರಿಸಿತು.

“ಸುಮ್ನ ಬರದು ಕಳಸ್ರಿ. ಅಲ್ಲಿ ಏನಿತ್ತು ಅಂತ ಯಾರ್ ನೋಡ್ಯಾರ?” ಎಂದರು ಮಾಲೀಕ ಮನೋಹರ್.

ಎರಡು ದಿನ ಅವಳು ವರದಿ ಬರೆಯದೆ ಇಟ್ಟಳು. ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ನಮ್ಮ ರಸ್ತೆಯ ಧೂಳೇ ಯಾವುದೋ ಕಾಲದ ಗಾಳಿ ಎಂದು ಪುಸ್ತಕಕ್ಕೆ ಸೇರೀತು. ಮೂರನೇ ದಿನ ಫೋನ್ ಮಾಡಿ ಎಲ್ಲ ಹೇಳಿಬಿಟ್ಟಳು.

“ಉಳಿದವು ಕೆಟ್ಟಿಲ್ಲ ಅಂತ ಹೇಗೆ ಹೇಳ್ತೀರಿ?” ಎಂದರು ಭಾರ್ಗವ್.

“ಪ್ರತಿ ಐದು ಬಾಟ್ಲಿಗೊಮ್ಮೆ ಬರೇ ಶುದ್ಧ ನೀರು ಹಾಕಿ ನೋಡೀನ್ರಿ ಸರ್. ಅದರಾಗ ಏನೂ ಬಂದಿಲ್ರಿ.”

“ಆ ಅಂಕಿಗಳನ್ನೂ ಕಳಿಸಿ.”

ವಾರವಿಡೀ ಫೋನು ರಿಂಗಣಿಸಿದಾಗಲೆಲ್ಲ ಬೆಚ್ಚಿದಳು. ಕೊನೆಗೆ ಪತ್ರ ಬಂತು: ಮೂವತ್ತೊಂಬತ್ತು ಸರಿ, ಒಂದನ್ನು ಕೈಬಿಡಲಾಗಿದೆ. ಕೆಲಸ ಉಳಿಯಿತು. ಆದರೆ ಕೈಬಿಟ್ಟ ಆ ಒಂದು ಕಾಲ ಇನ್ನೆಲ್ಲೂ ಸಿಗದು ಎಂಬುದು ಅವಳಿಗೆ ಗೊತ್ತಿತ್ತು.

ಜೂನ್‌ನಲ್ಲಿ ಭಾರ್ಗವ್ ಫೋನ್ ಮಾಡಿ ಇನ್ನೊಂದು ಪೆಟ್ಟಿಗೆ ಕಳಿಸುವೆನೆಂದರು. ಎದುರಿಗೆ ಕೂತಿದ್ದ ಮನೋಹರ್ ಹೂಂ ಅನ್ನಲು ಸನ್ನೆ ಮಾಡುತ್ತಿದ್ದರು.

“ಬ್ಯಾಡ್ರಿ ಸರ್,” ಎಂದಳು ಶೈಲಜಾ. “ಈ ಊರಿಗೆ ಕಳಸಬ್ಯಾಡ್ರಿ. ನನಗ ಭಾಳ ಅಂಜಿಕಿ ಆಗ್ತದ.”